ನಾಯಿ ತರುವ ಮೊದಲು ಮನೆಯನ್ನು ನೋಡೋಣ

ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡದ ಬುಡದಲ್ಲೊಂದು, ತೋಟದ ಅಂಚಿನಲ್ಲೊಂದು. ಒಂದು ಮನೆಯಿಂದ ಕೂಗಿದ್ದು ಇನ್ನೊಂದಕ್ಕೆ ಕೇಳಿಸಿದರೆ ಪುಣ್ಯ. ಹಾಗಾಗಿ ನಾಯಿಯಿಲ್ಲದ ಮನೆ ಹಿಂದಿನಿಂದಲೂ ಅಪರೂಪ. ಆ ನಾಯಿಯನ್ನು ಯಾರೂ ದುಡ್ಡು ಕೊಟ್ಟು ತಂದದ್ದಲ್ಲ. ನೆರೆಮನೆಯಲ್ಲಿ ಮರಿ ಹಾಕಿದಾಗ ಒಂದನ್ನು ಕೇಳಿ ತಂದು, ಕಾಳು ಎಂದೋ ಬೊಳ್ಳು ಎಂದೋ ಕರೆದು, ಉಂಡು ಉಳಿದದ್ದನ್ನು ಹಾಕಿದರೆ ಅದು ಜಗಲಿಯ ಕೆಳಗೆ ಮಲಗಿ ಮನೆಯನ್ನು ಕಾಯುತ್ತಿತ್ತು.

ಈಗಿನ ಮಾತು ಬೇರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ತಂದೆತಾಯಿ. ರಜೆಯಲ್ಲಿ ಬಂದ ಮಗ, ‘ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ’ ಎಂಬ ಕಾಳಜಿಯಿಂದ, ಕಾರಿನಲ್ಲಿ ಒಂದು ರಾಟ್‌ವೈಲರ್ ಮರಿಯನ್ನೋ ಅಲ್ಸೇಷಿಯನ್ ಮರಿಯನ್ನೋ ತಂದು ಬಿಟ್ಟು ಹೋಗುತ್ತಾನೆ. ಎರಡು ತಿಂಗಳ ಮರಿ ನೋಡಲು ಬಹಳ ಚಂದ. ಒಂದು ವರ್ಷವಾಗುವಾಗ ಅದು ಮೂವತ್ತು ನಲವತ್ತು ಕಿಲೋ ತೂಗುವ ಪ್ರಾಣಿ. ಅದನ್ನು ಹಿಡಿದು ನಡೆಸುವ ಶಕ್ತಿ ಮುದುಕರ ಕೈಯಲ್ಲಿಲ್ಲ. ಹಾಗಾಗಿ ಸಂಕೋಲೆ, ಹಗಲೂ ಸಂಕೋಲೆ, ರಾತ್ರಿಯೂ ಸಂಕೋಲೆ. ಓಡಾಟವಿಲ್ಲದ, ಹೊಸಬರ ಮುಖ ಕಾಣದ ಆ ನಾಯಿ ದಿನದಿನಕ್ಕೆ ಕೆಡುಕಾಗುತ್ತದೆ. ಕೊನೆಗೊಂದು ದಿನ ಅಂಚೆಯವನನ್ನೋ ಅಡಿಕೆ ಕೊಯ್ಯಲು ಬಂದವನನ್ನೋ ಕಚ್ಚುತ್ತದೆ. ಇಲ್ಲವೇ ದೂರದ ಯಾವುದೋ ರಸ್ತೆ ಬದಿಯಲ್ಲಿ ಅದನ್ನು ಇಳಿಸಿ ಬರುತ್ತಾರೆ. ಇಂಥದ್ದು ಒಂದೆರಡು ಮನೆಯ ಕಥೆಯಾಗಿದ್ದರೆ ನಾವು ಬರೆಯುತ್ತಿರಲಿಲ್ಲ.

ತಪ್ಪು ನಾಯಿಯದೇ? ಅಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದೊಂದು ತಳಿಯೂ ಒಂದೊಂದು ಕೆಲಸಕ್ಕೆಂದು, ಒಂದೊಂದು ಹವೆಗೆಂದು ಮನುಷ್ಯನೇ ಬೆಳೆಸಿದ್ದು. ಆ ಕೆಲಸವನ್ನೂ ಆ ಹವೆಯನ್ನೂ ತಿಳಿಯದೆ ಬರೀ ರೂಪ ನೋಡಿ ತಂದರೆ ತೊಂದರೆ ತಪ್ಪಿದ್ದಲ್ಲ.

ನಾವು ಅಲ್ಸೇಷಿಯನ್ ಎನ್ನುವ ನಾಯಿಯ ನಿಜವಾದ ಹೆಸರು ಜರ್ಮನ್ ಶೆಫರ್ಡ್. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಹೆಸರೇ ಬೇಡವೆಂದು ಬ್ರಿಟಿಷರು ಅದನ್ನು ಅಲ್ಸೇಷಿಯನ್ ಎಂದು ಕರೆದರು. ಅದು ಕುರಿಕಾಯುವ ನಾಯಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಎಂಬ ಜರ್ಮನ್ ಸೇನಾಧಿಕಾರಿ ಇದನ್ನು ಒಂದು ತಳಿಯಾಗಿ ರೂಪಿಸತೊಡಗಿದರು. ದಿನವಿಡೀ ಮಂದೆಯ ಸುತ್ತ ಓಡುತ್ತ, ಯಜಮಾನನ ಸನ್ನೆಯನ್ನು ಅರಿಯುತ್ತ ಬೆಳೆದ ಬುದ್ಧಿವಂತ ಜಾತಿ ಅದು. ಪೊಲೀಸರಿಗೂ ಸೈನ್ಯಕ್ಕೂ ಅದು ಒಗ್ಗಿದ್ದು ಅದರಿಂದಲೇ. ಅಂಥದಕ್ಕೆ ಕೆಲಸ ಕೊಡದೆ ಕಟ್ಟಿಹಾಕುವುದೆಂದರೆ ಕಲಿತ ಹುಡುಗನನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ ಹಾಗೆ. ಸೊಂಟದ ಕೀಲಿನ ದೋಷವೂ ಈ ತಳಿಯಲ್ಲಿ ಹೆಚ್ಚು.

ರಾಟ್‌ವೈಲರ್ ಜರ್ಮನಿಯ ರಾಟ್‌ವೈಲ್ ಎಂಬ ಪೇಟೆಯ ಕಟುಕರ ನಾಯಿ. ದನಗಳನ್ನು ಹೊಡೆದುಕೊಂಡು ಹೋಗುವುದು, ಗಾಡಿ ಎಳೆಯುವುದು ಅದರ ಕಸುಬಾಗಿತ್ತು. ಡಾಬರ್‌ಮನ್ನನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಳೆಸಿದವನು ತೆರಿಗೆ ವಸೂಲಿಯ ಕೆಲಸದಲ್ಲಿದ್ದವನು. ಹಣದ ಚೀಲದೊಂದಿಗೆ ಊರೂರು ತಿರುಗುವಾಗ ರಕ್ಷಣೆಗೆ ಬೇಕೆಂದು. ಎರಡೂ ಮನೆಯವರಿಗೆ ಬಹಳ ನಿಷ್ಠೆಯ ನಾಯಿಗಳೇ. ಆದರೆ ಮರಿಯಿಂದಲೇ ಶಿಸ್ತು, ದಿನವೂ ತಪ್ಪದ ಓಡಾಟ, ಹಿಡಿತವುಳ್ಳ ಒಬ್ಬ ಯಜಮಾನ ಇವಿಷ್ಟೂ ಬೇಕು.

ಲ್ಯಾಬ್ರಡಾರ್ ಸಾಧು ಸ್ವಭಾವಕ್ಕೆ ಹೆಸರಾದದ್ದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತಣ್ಣಗಿನ ಕಡಲಿನಲ್ಲಿ ಬೆಸ್ತರಿಗೆ ಬಲೆ ಎಳೆಯಲು ನೆರವಾಗುತ್ತಿದ್ದ ನಾಯಿಗಳ ಸಂತತಿ. ಕಳ್ಳ ಬಂದರೂ ಬಾಲ ಅಲ್ಲಾಡಿಸೀತು ಎಂದು ತಮಾಷೆ ಮಾಡುತ್ತಾರೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಅದರ ಹೊಟ್ಟೆಬಾಕತನವೂ ಕಟ್ಟುಕಥೆಯಲ್ಲ. ಸುಮಾರು ಕಾಲುಪಾಲು ಲ್ಯಾಬ್ರಡಾರ್‌ಗಳಲ್ಲಿ ಹಸಿವೆಯನ್ನು ಹೆಚ್ಚಿಸುವ ಒಂದು ಜೀನ್ ದೋಷವಿದೆಯೆಂದು 2016ರಲ್ಲಿ ಕೇಂಬ್ರಿಜಿನ ವಿಜ್ಞಾನಿಗಳು ಕಂಡುಕೊಂಡರು. ನಮ್ಮ ಅಜ್ಜಿಯಂದಿರ ಕೈಗೆ ಇಂಥ ನಾಯಿ ಸಿಕ್ಕಿದರೆ ಮೂರು ಹೊತ್ತು ಅನ್ನ, ನಡುವೆ ದೋಸೆ! ಮೈ ಬೆಳೆದು, ಕೀಲು ಸೋತು, ಐದಾರು ವರ್ಷಕ್ಕೇ ಮೆಟ್ಟಿಲು ಹತ್ತಲಾರದಂತಾಗುತ್ತದೆ. ಪ್ರೀತಿಯೂ ಅಳತೆ ತಪ್ಪಿದರೆ ರೋಗವೇ.

ಇನ್ನು ಹವೆಯ ವಿಚಾರ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವುದಕ್ಕಿಲ್ಲ. ನಾಲಿಗೆ ಹೊರಹಾಕಿ ಏದುಸಿರು ಬಿಟ್ಟೇ ಅದು ಮೈಯನ್ನು ತಣಿಸಿಕೊಳ್ಳಬೇಕು. ಗಾಳಿಯಲ್ಲಿ ನೀರಿನ ಪಸೆ ತುಂಬಿದ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ಉಪಾಯವೂ ಸರಿಯಾಗಿ ನಡೆಯುವುದಿಲ್ಲ. ಚಪ್ಪಟೆ ಮುಖದ ಪಗ್‌ಗೆ ಮೂಗಿನ ದಾರಿಯೇ ಕಿರಿದು. ಎರಡು ದಶಕಗಳ ಹಿಂದೆ ಮೊಬೈಲ್ ಜಾಹೀರಾತಿನಲ್ಲಿ ಅದನ್ನು ಕಂಡು ಮೆಚ್ಚಿ ತಂದವರು ಅದರ ಗೊರಕೆಯನ್ನೂ ಮೆಚ್ಚಿ ನಕ್ಕರು. ಆ ಗೊರಕೆ ಉಸಿರಿಗಾಗಿ ಅದು ಪಡುವ ಪಾಡು. ಹಿಮದ ಮೇಲೆ ಜಾರುಬಂಡಿ ಎಳೆಯುವ ಸೈಬೀರಿಯನ್ ಹಸ್ಕಿಯನ್ನು ನಮ್ಮ ಸೆಕೆಗೆ ತಂದು ಕಟ್ಟುವುದು ಯಾವ ನ್ಯಾಯವೋ ನಮಗೆ ತಿಳಿಯದು.

ಸೆಕೆ ಮುಗಿದರೆ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು ನಮ್ಮದು. ದಟ್ಟ ಕೂದಲಿನ ನಾಯಿ ಒಮ್ಮೆ ನೆನೆದರೆ ಬುಡ ಒಣಗುವುದಿಲ್ಲ. ಅಲ್ಲಿ ಹುಣ್ಣು, ತುರಿ, ಬೂಷ್ಟು ರೋಗ. ಜೋತುಬಿದ್ದ ಕಿವಿಯೊಳಗೆ ಕೀವು. ಬೋಳಿಸಿಬಿಟ್ಟರಾಯಿತು ಎನ್ನುವವರಿದ್ದಾರೆ. ಎರಡು ಪದರದ ಕೂದಲು ಬಿಸಿಲಿಗೂ ತಡೆಯಾದ್ದರಿಂದ ಅದನ್ನು ಬೋಳಿಸುವುದು ಸಲ್ಲ. ದಿನವೂ ಬಾಚಿ, ಒರೆಸಿ ಒಣಗಿಸುವುದೊಂದೇ ದಾರಿ. ಉದ್ದ ಬೆನ್ನಿನ, ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಬಿಲದೊಳಗೆ ನುಗ್ಗುವ ಬೇಟೆನಾಯಿ. ಅಂಗಳದಿಂದ ಜಗಲಿಗೆ ನಾಲ್ಕಾರು ಎತ್ತರದ ಮೆಟ್ಟಿಲಿರುವ ನಮ್ಮ ಮನೆಗಳಲ್ಲಿ ಹಾರಿ ಹಾರಿ ಅದರ ಬೆನ್ನೆಲುಬು ಹಾಳಾಗುವ ಅಪಾಯವಿದೆ.

ಹಾಗಾದರೆ ಸ್ವದೇಶಿ ಆದೀತೇ ಎಂದು ಕೇಳುವವರಿಗೆ ಮುಧೋಳ ನಾಯಿಯ ನೆನಪಾಗುವುದು ಸಹಜ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ರಾಜಮನೆತನ ಪೋಷಿಸಿದ ಬೇಟೆನಾಯಿ ಅದು. 2005ರಲ್ಲಿ ಅಂಚೆ ಇಲಾಖೆ ಹೊರಡಿಸಿದ ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿಗಳಲ್ಲಿ ಅದಕ್ಕೂ ಸ್ಥಾನ ಸಿಕ್ಕಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವೂ ಇದೆ. ಕನ್ನಡಿಗರಾದ ನಮಗೆ ಅಭಿಮಾನ ಪಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅಭಿಮಾನಕ್ಕಾಗಿ ತರಬೇಡಿ. ಅದು ಬಯಲುಸೀಮೆಯ ವಿಶಾಲ ಹೊಲಗಳಲ್ಲಿ ಮೊಲವನ್ನು ಕಣ್ಣಿನಿಂದ ಗುರುತಿಸಿ ಗಾಳಿಯಂತೆ ಓಡಿ ಹಿಡಿಯುವ ಪ್ರಾಣಿ. ಅಪರಿಚಿತರು ಮುಟ್ಟುವುದು ಅದಕ್ಕೆ ಹಿಡಿಸದು. ಓಡಲು ಜಾಗ ಕೊಡಲಾರದವರು ಅದನ್ನು ತಂದರೆ ಪಾಪ ಅದಕ್ಕೇ.

ನಮ್ಮ ಹವೆಗೆ ನಿಜವಾಗಿ ಒಗ್ಗಿದ್ದು ಹೆಸರಿಲ್ಲದ ಊರನಾಯಿಯೇ. ಗಿಡ್ಡ ಕೂದಲು, ನೆಟ್ಟಗಿನ ಕಿವಿ, ಹಗುರ ಮೈ. ಮಳೆಗೆ ನೆನೆದರೂ ಒಮ್ಮೆ ಮೈ ಕೊಡವಿದರೆ ಮುಗಿಯಿತು. ಅದರ ಕಿವಿಯ ಚುರುಕಿಗೆ ಸಾಟಿಯಿಲ್ಲ. ಮನೆ ಕಾಯುವುದೆಂದರೆ ಕಚ್ಚುವುದೆಂದು ತಿಳಿಯುವುದು ತಪ್ಪು, ಬೊಗಳಿ ಎಚ್ಚರಿಸಿದರೆ ಅಷ್ಟೇ ಸಾಕು. ಅದಕ್ಕೂ ಕುಂದಿಲ್ಲವೆನ್ನಲಾರೆವು: ತನ್ನ ಗಡಿಯ ಹಟ ಜಾಸ್ತಿ, ಬಿಟ್ಟರೆ ತಿರುಗಾಟವೂ ಜಾಸ್ತಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ತಿರುಗಾಟವೂ ತಗ್ಗುತ್ತದೆ, ಬೇಡದ ಮರಿಗಳು ಪೇಟೆಯ ಬೀದಿ ಸೇರುವುದೂ ತಪ್ಪುತ್ತದೆ.

ಇಷ್ಟು ಹೇಳಿದ ಮೇಲೆ ತಳಿಯೇ ಸರ್ವಸ್ವವೆಂದು ಯಾರೂ ತಿಳಿಯಬಾರದು. 2022ರಲ್ಲಿ ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಕುರಿತು ಪ್ರಕಟವಾದ ಅಧ್ಯಯನದ ಪ್ರಕಾರ, ನಾಯಿನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ಬರುವುದು ಶೇಕಡ 9ರಷ್ಟು ಮಾತ್ರ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿಯೆಂದು ಹೆಸರಿಸಿ ನಿಷೇಧಕ್ಕೆ ಸುತ್ತೋಲೆ ಹೊರಡಿಸಿದ್ದೂ, ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿದ್ದೂ ಓದುಗರಿಗೆ ನೆನಪಿರಬಹುದು. ಪಟ್ಟಿಯಿಂದ ಸ್ವಭಾವ ತಿದ್ದಲಾಗದು. ಮೂರು ವಾರದಿಂದ ಮೂರು ತಿಂಗಳವರೆಗಿನ ಪ್ರಾಯದಲ್ಲಿ ಮರಿ ಯಾರನ್ನು ಕಂಡಿತು, ಯಾವ ಕೈ ಅದನ್ನು ಸವರಿತು, ಯಾವ ಕೈ ಹೊಡೆಯಿತು ಎಂಬುದರ ಮೇಲೆ ಅದರ ಮುಂದಿನ ಬಾಳು ನಿಂತಿದೆ.

ಆರೈಕೆಯಲ್ಲಿ ನಮ್ಮ ತೋಟದ ಮನೆಗಳವರು ಕೆಲವು ಸಂಗತಿಗಳನ್ನು ಮುಖ್ಯವಾಗಿ ಗಮನಿಸಬೇಕು. ಉಪ್ಪು, ನೀರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾಂಬಾರು, ಸಾರು ನಾಯಿಗೆ ಆಗದು. ನೀರುಳ್ಳಿ ಅದರ ರಕ್ತವನ್ನೇ ಕೆಡಿಸುತ್ತದೆ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚೀತು. ಕೊಳೆರೋಗಕ್ಕೆ ಮೈಲುತುತ್ತು ಸಿಂಪಡಿಸುವ ದಿನ ನಾಯಿಯನ್ನು ಡ್ರಮ್ಮಿನ ಹತ್ತಿರ ಬಿಡಬಾರದು. ಇಲಿಪಾಷಾಣ ಇಟ್ಟಲ್ಲಿಯೂ ಅಷ್ಟೆ. ಉಣ್ಣಿ ಕಚ್ಚಿದ ನಾಯಿ ಜ್ವರ ಬಂದು ಊಟ ಬಿಟ್ಟರೆ ಎರಡು ದಿನ ನೋಡೋಣವೆಂದು ಕೂರದೆ ಮೃಗಾಸ್ಪತ್ರೆಗೆ ಒಯ್ಯಬೇಕು. ಕಾಡಂಚಿನ ಮನೆಗಳಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಯ ಪಾಲಿಗೆ ಇಟ್ಟ ಊಟ. ಅದನ್ನು ಒಳಗೆ ಮಲಗಿಸುವುದು ನಾಯಿಗೂ ಮನೆಯವರಿಗೂ ಕ್ಷೇಮ.

ಎಲ್ಲಕ್ಕಿಂತ ಮಿಗಿಲಾದದ್ದು ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮರಿಗೆ ಮೂರು ತಿಂಗಳಾದಾಗ ಒಂದು, ವೈದ್ಯರು ಹೇಳಿದಂತೆ ಮತ್ತೊಂದು, ಅನಂತರ ವರ್ಷಕ್ಕೊಮ್ಮೆ. ಊರನಾಯಿಗೆ ಇದು ಬೇಡವೆಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಊರೆಲ್ಲ ತಿರುಗುವ ಅದಕ್ಕೇ ಇದು ಹೆಚ್ಚು ಬೇಕು. ಕಚ್ಚಿಸಿಕೊಂಡವರು ಗಾಯಕ್ಕೆ ಸುಣ್ಣ, ಮೆಣಸು, ಅರಸಿನ ಮೆತ್ತಬಾರದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಎಷ್ಟು ಸಲ ಬರಹೇಳಿದ್ದಾರೋ ಅಷ್ಟೂ ಸಲ ತಪ್ಪದೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಹಳೆಯ ಹೆದರಿಕೆ ಹಿರಿಯರಲ್ಲಿ ಉಳಿದಿದೆ. ಆ ಹಳೆಯ ಮದ್ದು ಭಾರತದಲ್ಲಿ ನಿಂತು ಎರಡು ದಶಕಗಳಾದವು. ಈಗಿನದ್ದು ತೋಳಿಗೆ ಕೊಡುವ ಸಣ್ಣ ಚುಚ್ಚು. ರೋಗ ಕಾಣಿಸಿಕೊಂಡ ಮೇಲೆ ಮಾತ್ರ ಉಳಿಸಬಲ್ಲ ಮದ್ದಿಲ್ಲ.

ಇಲ್ಲಿ ಅಧಿಕಾರಿಗಳಿಗೂ ಒಂದು ಮಾತು. ನಾಯಿಗಳ ಚುಚ್ಚುಮದ್ದಿನ ಶಿಬಿರದ ಪ್ರಕಟಣೆ, ಸಾಕುನಾಯಿಗೆ ಪಂಚಾಯತಿನ ಪರವಾನಿಗೆ ಬೇಕೆಂಬ ನೋಟೀಸು ಹಲವೆಡೆ ಮಲಯಾಳದಲ್ಲಷ್ಟೇ ಇರುತ್ತವೆ. ನಮ್ಮ ಹಿರಿಯರು ಮಲಯಾಳ ಮಾತಾಡಬಲ್ಲರು, ಎಲ್ಲರೂ ಓದಬಲ್ಲವರಲ್ಲ. ರೋಗಕ್ಕೆ ಭಾಷೆಯ ಗಡಿಯಿಲ್ಲ, ಎಚ್ಚರಿಕೆಗೂ ಇರಬಾರದು. ಕನ್ನಡದ ನಾಲ್ಕು ಸಾಲು ಅಡಿಯಲ್ಲಿ ಮುದ್ರಿಸುವುದು ದೊಡ್ಡ ಖರ್ಚಲ್ಲ.

ಕೊನೆಗೆ, ಊರು ಬಿಟ್ಟಿರುವ ಮಕ್ಕಳಲ್ಲಿ ನಮ್ಮ ವಿನಂತಿ. ತಂದೆತಾಯಿಗೆ ನಾಯಿ ಬೇಕಾದರೆ ಅವರನ್ನು ಕೇಳಿ ತನ್ನಿ. ಅವರ ಕೈಗೆ ಬಗ್ಗುವ, ಅವರ ಅಂಗಳಕ್ಕೆ ಒಗ್ಗುವ ನಾಯಿಯನ್ನು ತನ್ನಿ. ಹತ್ತು ಹನ್ನೆರಡು ವರ್ಷ ಅದನ್ನು ನೋಡಿಕೊಳ್ಳುವವರು ಯಾರೆಂದು ಮೊದಲೇ ತೀರ್ಮಾನಿಸಿ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಧರ್ಮರಾಯನ ಹಿಂದೆ ನಡೆದ ನಾಯಿ ಗೊತ್ತು. ಅದೇ ಮಹಾಭಾರತದ ಆರಂಭದಲ್ಲಿ ಇನ್ನೊಂದು ನಾಯಿಯ ಪ್ರಸಂಗವಿದೆ. ಜನಮೇಜಯನ ಯಾಗಶಾಲೆಯಲ್ಲಿ ಅವನ ತಮ್ಮಂದಿರಿಂದ ಪೆಟ್ಟು ತಿಂದ ಮರಿ ಅಳುತ್ತ ಹೋದಾಗ, ಅದರ ತಾಯಿ ಸರಮೆ ಬಂದು, ಹವಿಸ್ಸನ್ನು ನೋಡದ, ನೆಕ್ಕದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ರಾಜಪುತ್ರರಲ್ಲಿ ಉತ್ತರವಿರಲಿಲ್ಲ. ಸಂಕೋಲೆಯಲ್ಲಿ ಹುಚ್ಚೆದ್ದ ನಾಯಿ, ರಸ್ತೆ ಬದಿಯಲ್ಲಿ ಇಳಿಸಿ ಬಂದ ನಾಯಿ ಇಂದು ಅದನ್ನೇ ಕೇಳಿದರೆ ನಮ್ಮಲ್ಲಿಯಾದರೂ ಒಂದು ಉತ್ತರವಿರಲಿ.