ಮಗುವಿನ ಹಾಳೆ, ಮೇಷ್ಟರ ಕುಂಚ

ಬಡಾವಣೆಯ ಸಮುದಾಯ ಭವನದಲ್ಲಿ ಏರ್ಪಾಡಾಗಿದ್ದ ಮಕ್ಕಳ ಚಿತ್ರಪ್ರದರ್ಶನಕ್ಕೆ ಈಚೆಗೆ ಹೋಗಿದ್ದೆ. ಭಾನುವಾರದ ಕಲಾ ತರಗತಿಗೆ ಬರುವ ಮಕ್ಕಳ ಕೆಲಸ. ಗೋಡೆಯುದ್ದಕ್ಕೂ ಚೌಕಟ್ಟು ಹಾಕಿಸಿದ ಚಿತ್ರಗಳು, ಕೆಳಗೆ ಹೆಸರು, ವಯಸ್ಸು. ನಾಲ್ಕೈದು ಚಿತ್ರ ದಾಟುವಷ್ಟರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೆಸರುಗಳು ಬೇರೆ ಬೇರೆ, ಆಕಾಶ ಮಾತ್ರ ಒಂದೇ. ಕಿತ್ತಳೆಯಿಂದ ನೇರಳೆಗೆ ನುಣ್ಣಗೆ ಜಾರುವ ಅದೇ ಸಂಜೆ, ನೀರಿನ ಮೇಲೆ ಅದೇ ಬಿಳಿ ಗೆರೆ, ಎಲೆಗಳಿಗೆ ಅದೇ ಚುಕ್ಕಿ. ಏಳು ವರ್ಷದ ಮಗು ನಡುಗುವ ಪೆನ್ಸಿಲಿನಲ್ಲಿ ಬರೆದ ಮನೆಯ ಹಿಂದೆ ಹತ್ತಾರು ವರ್ಷ ಪಳಗಿದ ಕೈ ಬಳಿದ ಮೋಡ.

ಆ ಮೋಡ ನನಗೆ ಹಳೆಯ ಪರಿಚಯ. ಚಿಕ್ಕಂದಿನಲ್ಲಿ ನಾನು ಹೋಗುತ್ತಿದ್ದ ರಜೆಯ ತರಗತಿಯಲ್ಲಿ ಮೇಷ್ಟರು ನನ್ನ ಕೈಯಿಂದ ಕುಂಚ ತೆಗೆದುಕೊಂಡು ಎರಡೇ ನಿಮಿಷದಲ್ಲಿ ಕೆರೆಯೊಂದಕ್ಕೆ ಜೀವ ತುಂಬಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಚಿತ್ರಕ್ಕೆ ಬಹುಮಾನ ಬಂತು, ಅಮ್ಮ ಅದನ್ನು ನಡುಮನೆಯಲ್ಲಿ ತೂಗುಹಾಕಿದರು. ಬಂದವರೆಲ್ಲ ಆ ಕೆರೆಯನ್ನೇ ಹೊಗಳುವರು. ಅದು ನನ್ನದಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಆಮೇಲೆ ನಾನು ನೀರನ್ನು ಬರೆಯಲು ಹೋಗಲೇ ಇಲ್ಲ.

ಕಲಾ ತರಗತಿಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಎರಡು ಬಣವಾಗುತ್ತೇವೆ. ನಕಲು ಮಾಡಿಸಿ ಮಕ್ಕಳ ಕಲ್ಪನೆಯನ್ನು ಕೊಲ್ಲುತ್ತಾರೆ, ಸುಮ್ಮನೆ ಬಿಟ್ಟರೆ ಸಾಕು ಎನ್ನುವವರು ಒಂದು ಕಡೆ. ಮೊದಲು ಕೈ ತಿದ್ದಲಿ, ಕಲ್ಪನೆ ಆಮೇಲೆ ಎನ್ನುವವರು ಇನ್ನೊಂದು ಕಡೆ. ಈ ಜಗಳದಲ್ಲಿ ಮುಖ್ಯ ಪ್ರಶ್ನೆಯೇ ಕಳೆದುಹೋಗಿದೆ ಎಂಬುದು ನನ್ನ ವಾದ. ಮಗು ನಕಲು ಮಾಡಿತೋ ಕಲ್ಪಿಸಿತೋ ಎಂಬುದಕ್ಕಿಂತ, ಹಾಳೆಯ ಮೇಲೆ ಓಡಾಡಿದ ಕೈ ಯಾರದು ಎಂದು ಕೇಳಬೇಕು.

ಬಿಟ್ಟರೆ ಸಾಕು ಎನ್ನುವ ವಾದಕ್ಕೂ ಒಂದು ಇತಿಹಾಸವಿದೆ. ಫ್ರಾಂಜ್ ಚಿಜೆಕ್ ಎಂಬ ಶಿಕ್ಷಕ 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗಾಗಿಯೇ ಕಲಾ ತರಗತಿ ತೆರೆದ. ದೊಡ್ಡವರ ಚಿತ್ರ ಎದುರಿಗಿಟ್ಟು ಬರೆಸುವ ಪದ್ಧತಿಯನ್ನು ಕೈಬಿಟ್ಟ. ಅವನ ಶಿಷ್ಯರ ಚಿತ್ರಗಳು 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪ್ರದರ್ಶನಗೊಂಡಾಗ ಕಲಾಶಿಕ್ಷಕರು ಬೆರಗಾದರು. ಆದರೆ ಆ ಚಿತ್ರಗಳೆಲ್ಲ ಒಂದೇ ಜಾಯಮಾನದವು, ಒಂದೇ ಮನೆಯ ಮಕ್ಕಳಂತಿವೆ ಎಂಬ ಟೀಕೆಯೂ ಬಂತು. ಸ್ವಾತಂತ್ರ್ಯದ ಹೆಸರಿನ ಕೋಣೆಯಲ್ಲೂ ಮೇಷ್ಟರ ಮೆಚ್ಚುಗೆ ಯಾವುದಕ್ಕೆ ಸಿಗುತ್ತದೆ ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಬಿಟ್ಟುಬಿಡುವುದೂ ಪರಿಹಾರವಲ್ಲ, ತಂತ್ರವನ್ನು ಕಲಿಸಲೇಬೇಕು. ಅದನ್ನು ಮಗುವಿನ ಬೆರಳಿಗೆ ಕಲಿಸಬೇಕು, ಹಾಳೆಗಲ್ಲ.

ಜಲವರ್ಣವನ್ನೇ ನೋಡಿ. ಹೆಚ್ಚುಕಡಿಮೆ ಎಲ್ಲ ತರಗತಿಗಳಲ್ಲೂ ಅದರ ಡಬ್ಬಿ ಇರುತ್ತದೆ, ಅದರ ಗುಣವನ್ನು ಹೇಳಿಕೊಡುವವರು ಕಡಿಮೆ. ಇಲ್ಲಿ ಬಿಳಿ ಎಂದರೆ ಬಣ್ಣವಲ್ಲ, ಹಾಳೆ. ಬೆಳಕು ಎಲ್ಲಿ ಬೀಳುತ್ತದೆ ಎಂದು ಮೊದಲೇ ನಿಶ್ಚಯಿಸಿ ಅಷ್ಟು ಜಾಗವನ್ನು ಮುಟ್ಟದೆ ಉಳಿಸಿಕೊಳ್ಳಬೇಕು. ಒದ್ದೆಯಲ್ಲಿ ಗಾಢವಾಗಿ ಕಂಡದ್ದು ಒಣಗಿದಾಗ ತಿಳಿಯಾಗುತ್ತದೆ. ಆಕಾಶಕ್ಕೆ ಸಮನಾದ ವಾಶ್, ಅಂದರೆ ತೆಳು ಬಣ್ಣದ ಪದರ, ಬೇಕೆಂದರೆ ಹಲಗೆಯನ್ನು ತುಸು ವಾರೆ ಇಟ್ಟು, ಕುಂಚದ ತುಂಬ ಬಣ್ಣ ಹಿಡಿದು, ಅಂಚಿನಲ್ಲಿ ಕೂಡುವ ನೀರನ್ನು ಮುಂದಿನ ಎಳೆತಕ್ಕೆ ಸೇರಿಸುತ್ತ ಇಳಿಯಬೇಕು. ಎಳೆದ ಮೇಲೆ ಹಿಂದಿರುಗಿ ಉಜ್ಜುವಂತಿಲ್ಲ. ಹಾಳೆ ಅರೆ ಒಣಗಿದ ಹೊತ್ತಿನಲ್ಲಿ ಹನಿ ನೀರು ಬಿದ್ದರೂ ಅದು ಬಣ್ಣವನ್ನು ಹೊರಕ್ಕೆ ದೂಡಿ ಹೂಕೋಸಿನಂಥ ಅಂಚು ಕಟ್ಟುತ್ತದೆ. ಆ ಹೊತ್ತು ಯಾವುದು? ಹಾಳೆಯ ಮೇಲಿನ ಮಿನುಗು ಮಾಸುವ ಕ್ಷಣ. ಅದನ್ನು ಮಾತಿನಲ್ಲಿ ಹೇಳಿ ಮುಗಿಸಲಾಗದು. ಹತ್ತು ಸಲ ಕೆಡಿಸಿದ ಮೇಲೆ ಹನ್ನೊಂದನೆಯ ಸಲ ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ಮೇಷ್ಟರು ಕುಂಚ ಕಸಿದುಕೊಳ್ಳುವುದು ಸಾಮಾನ್ಯವಾಗಿ ಇದೇ ಕ್ಷಣದಲ್ಲಿ. ಚಿತ್ರ ಉಳಿಯುತ್ತದೆ, ಕಲಿಕೆ ಹೋಗುತ್ತದೆ.

ಹಾಳೆಯ ಮಾತನ್ನೂ ಆಡಲೇಬೇಕು. ತೆಳುವಾದ ಡ್ರಾಯಿಂಗ್ ಶೀಟಿಗೆ ನೀರು ತಾಗಿದೊಡನೆ ಅದು ಉಬ್ಬಿ ತಗ್ಗುತ್ತದೆ, ತಗ್ಗಿನಲ್ಲಿ ಬಣ್ಣ ಮಡುಗಟ್ಟುತ್ತದೆ, ಉಜ್ಜಿದರೆ ಮೇಲ್ಪದರ ಸುಲಿದು ಬರುತ್ತದೆ. 300 ಜಿಎಸ್‌ಎಂ ತೂಕದ ದಪ್ಪ ಕಾಗದವಾದರೆ ನೀರನ್ನು ತಾಳಿಕೊಳ್ಳುತ್ತದೆ. ಅದು ದುಬಾರಿ, ನಿಜ. ಆದರೆ ಇಪ್ಪತ್ನಾಲ್ಕು ಬಣ್ಣದ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಒಂದು ನೀಲಿ, ಒಂದು ಕೆಂಪು, ಒಂದು ಹಳದಿ, ಒಂದು ಕಂದು ಟ್ಯೂಬ್ ಕೊಂಡು, ಉಳಿದದ್ದಕ್ಕೆ ದಪ್ಪ ಕಾಗದ ತಂದು ಕಾಲುಕಾಲು ಭಾಗ ಕತ್ತರಿಸಿ ಹಂಚಬಹುದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದರೆ ಮಲೆನಾಡಿನ ಆಷಾಢದ ಮೋಡದ ಬೂದು ಹುಟ್ಟುತ್ತದೆ. ಅದನ್ನು ತಾನೇ ಕಲಸಿ ಕಂಡುಕೊಂಡ ಮಗುವಿಗೆ ಇಪ್ಪತ್ನಾಲ್ಕು ಬಣ್ಣಗಳ ಹಂಬಲ ಇರುವುದಿಲ್ಲ. ನನ್ನನ್ನು ತುಂಬ ನೋಯಿಸುವ ಸಂಗತಿ ಇದು: ಕಾಗದದ ದೋಷವನ್ನು ಮಗು ತನ್ನ ಕೈಯ ದೋಷವೆಂದು ನಂಬಿ ಮನೆಗೆ ಹೋಗುತ್ತದೆ.

ನೀರಿಗೆ ಕೆಲಸ ಮಾಡಲು ಬಿಡುವುದು ನಮಗೆ ಹೊಸದಲ್ಲ. ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ 1903ರಲ್ಲಿ ಕಲ್ಕತ್ತಾಕ್ಕೆ ಬಂದಿದ್ದರು. ತೈಕಾನರು ಕೆಲಸ ಮಾಡುವ ಬಗೆಯನ್ನು ನೋಡಿದ ಅಲ್ಲಿನ ಕಲಾವಿದ ಅವನೀಂದ್ರನಾಥ ಠಾಕೂರರು ಇಡೀ ಚಿತ್ರವನ್ನೇ ನೀರಿನಲ್ಲಿ ಅದ್ದಿ, ಪದರದ ಮೇಲೆ ಪದರ ಕಟ್ಟುವ ವಾಶ್ ಕ್ರಮ ರೂಢಿಸಿಕೊಂಡರು. ಮೈಸೂರಿನಿಂದ ಹೋದ ಕೆ. ವೆಂಕಟಪ್ಪ ಅವನೀಂದ್ರನಾಥರ ಬಳಿಯೇ ಕಲಿತವರು. ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದ ವೆಂಕಟಪ್ಪನವರ ಚಿತ್ರಗಳಲ್ಲಿ ಗುರುವಿನ ಕ್ರಮ ಇಳಿದು ಬಂದಿದೆ, ಆದರೆ ನಿಸರ್ಗವನ್ನು ಅಷ್ಟು ನಿಖರವಾಗಿ ನೋಡಿದ ಕಣ್ಣು ವೆಂಕಟಪ್ಪನವರದೇ.

ನಕಲೇ ತಪ್ಪು ಎನ್ನುವವರು ಮೈಸೂರು ಸಾಂಪ್ರದಾಯಿಕ ಚಿತ್ರ ಕಲಿಯುವವರನ್ನು ನೋಡಬೇಕು. ಬಡಾವಣೆಯ ತರಗತಿಗಳಿಗೆ ಬರುವ ಗೃಹಿಣಿಯರಲ್ಲಿ, ನಿವೃತ್ತರಲ್ಲಿ ಹಲವರು ಕಲಿಯುವುದು ಇದನ್ನೇ. ಹಳೆಯ ಕ್ರಮದಲ್ಲಿ ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ ಹಾಕಿ, ಸಫೇದ, ಅಂಟು ಮೊದಲಾದವನ್ನು ಅರೆದ ಗೆಸ್ಸೋದಿಂದ ಒಡವೆಗಳನ್ನು ತೆಳುವಾಗಿ ಎತ್ತರಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ದೇವರ ಮೂರ್ತಿ, ಅಳತೆ, ಆಯುಧ ಎಲ್ಲವೂ ಪರಂಪರೆಯಿಂದ ಬಂದವು. ಆದರೂ ನೂರು ಸಲ ಅದೇ ಕಮಲ ಬರೆದ ಕೈ ಕಲಿಯುವವಳದೇ. ಅವಳ ಗೆರೆಗೆ ಅವಳದೇ ಉಸಿರು. ಈಗ ಅಚ್ಚು ಹಾಕಿದ ರೇಖಾಚಿತ್ರ, ಸಿದ್ಧ ಗೆಸ್ಸೋ ಟ್ಯೂಬ್ ಇರುವ ಕಿಟ್ಟುಗಳು ಬಂದಿವೆ. ಗೆರೆ ತುಂಬಿಸಿದರೆ ಲಕ್ಷ್ಮಿ ಸಿದ್ಧ. ಮಗುವಿನ ಹಾಳೆಯ ಮೇಲೆ ಮೇಷ್ಟರ ಕೈ ಮಾಡಿದ್ದನ್ನು ಇಲ್ಲಿ ಕಿಟ್ಟು ಮಾಡುತ್ತಿದೆ.

ಮೇಷ್ಟರನ್ನು ದೂರಿ ನಾವು ಪಾರಾಗುವಂತಿಲ್ಲ. ಅವರಲ್ಲಿ ಅನೇಕರಿಗೆ ಕಾಯಂ ಕೆಲಸವಿಲ್ಲ. ಚಿತ್ರಕಲಾ ಶಿಕ್ಷಕರೇ ಇಲ್ಲದ ಸರ್ಕಾರಿ ಶಾಲೆಗಳು ಎಷ್ಟೋ ಇವೆ. ಒಂದೂವರೆ ಗಂಟೆ, ಇಪ್ಪತ್ತೈದು ಮಕ್ಕಳು, ಒಂದೇ ಕೋಣೆ. ತರಗತಿ ಮುಗಿಯುವಾಗ ಬಾಗಿಲಲ್ಲಿ ನಿಂತ ನಾವು ಕೇಳುವುದು ‘ಇವತ್ತು ಏನು ಬರೆದೆ, ತೋರಿಸು’ ಎಂದು. ಕೆಸರಾದ ಹಾಳೆ ತೋರಿಸಿದರೆ ಮುಂದಿನ ತಿಂಗಳು ಮಗುವನ್ನು ಕೀಬೋರ್ಡ್ ತರಗತಿಗೆ ಸೇರಿಸುತ್ತೇವೆ. ಶುಲ್ಕವೇ ಜೀವನವಾದ ಮನುಷ್ಯ ಮೋಡ ತಿದ್ದಿಕೊಡದೆ ಏನು ಮಾಡಿಯಾನು? ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ತಯಾರಿಯೂ ಸಿದ್ಧ ಉತ್ತರದಂಥ ಚಿತ್ರಗಳ ಕಡೆಗೇ ದೂಡುತ್ತದೆ. ಆದರೂ ಪರೀಕ್ಷಾ ಕೋಣೆಯೊಳಗಾದರೂ ಮಗು ತನ್ನ ಕೈಯಿಂದಲೇ ಬರೆಯುತ್ತದೆ ಎಂಬ ಮಟ್ಟಿಗೆ ನನಗೆ ಆ ಪರೀಕ್ಷೆಗಳ ಮೇಲೆ ಗೌರವವಿದೆ.

ತಿದ್ದುವ ದಾರಿ ಕಷ್ಟದ್ದಲ್ಲ. ಮೇಷ್ಟರು ತಮ್ಮದೇ ಹಾಳೆಯಲ್ಲಿ ಮಾಡಿ ತೋರಿಸಲಿ, ಮಗುವಿನ ಪಕ್ಕ ಕೂತು ಬೇರೆ ಚೂರು ಕಾಗದದ ಮೇಲೆ ತಿದ್ದಲಿ. ಒಂದು ತಿಂಗಳಿಗೆ ಒಂದೇ ಚಿತ್ರ ಮನೆಗೆ ಬರಲಿ, ಉಳಿದ ವಾರಗಳಲ್ಲಿ ಬರೀ ವಾಶ್, ಬರೀ ಬೂದು, ಬರೀ ಅಂಚು. ಹಾಗೆಂದು ಸೇರಿಸಿಕೊಳ್ಳುವಾಗಲೇ ನಮಗೆ ಹೇಳಲಿ, ನಾವು ಒಪ್ಪಿಕೊಳ್ಳೋಣ. ಪ್ರದರ್ಶನದ ಒಂದು ಗೋಡೆಯನ್ನು ಕೆಟ್ಟ ಹಾಳೆಗಳಿಗೆ ಬಿಟ್ಟುಕೊಡಲಿ: ಉಬ್ಬಿದ್ದು, ಹರಿದದ್ದು, ಹೂಕೋಸು ಕಟ್ಟಿದ್ದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ದಿನಾಂಕ.

ಅಂದು ಸಮುದಾಯ ಭವನದಿಂದ ಹೊರಡುವಾಗ ಬಾಗಿಲ ಹತ್ತಿರ ಚೌಕಟ್ಟಿಲ್ಲದ ಒಂದು ಹಾಳೆ ಕಂಡೆ. ನೀರಿನ ಟ್ಯಾಂಕು, ಅದರ ಮೇಲೆ ಕಾಗೆ. ಆಕಾಶ ಅರ್ಧಕ್ಕೆ ಸೋರಿ ಟ್ಯಾಂಕಿನೊಳಗೆ ಇಳಿದಿತ್ತು. ಕಾಗೆಯ ಕತ್ತಿನ ಬೂದು ಮಾತ್ರ ಸರಿಯಾಗಿತ್ತು, ಕಪ್ಪಿಗಿಂತ ಎಷ್ಟು ತಿಳಿ ಇರಬೇಕೋ ಅಷ್ಟು. ಕಾಗೆಯನ್ನು ನಿಂತು ನೋಡಿದವರಿಗೆ ಮಾತ್ರ ಅದು ಗೊತ್ತಿರುತ್ತದೆ.