ಬೋಳು ಮರ ಸತ್ತ ಮರವಲ್ಲ

ಮಲೆನಾಡಿನಲ್ಲಿ ಮತ್ತಿ, ನಂದಿ, ಹೊನ್ನೆ ಎಲೆಯುದುರಿಸಿ ನಿಂತರೆ ಅವು ಸತ್ತವೆಂದು ಯಾರೂ ಹೇಳರು. ದರಗು ಗುಡಿಸಲು ಹೊರಡುತ್ತಾರೆ. ಹೆಬ್ಬಾಳ, ಯಲಹಂಕ, ಯಶವಂತಪುರಗಳ ರಸ್ತೆಬದಿಯಲ್ಲಿ ಅದೇ ಬೋಳುತನ ಮರಕ್ಕೆ ಮುಳುವಾಗಬಲ್ಲದು.

ಇದು ಬರಿಯ ಮಾತಿನ ತಕರಾರಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಸತ್ತ, ರೋಗ ತಗುಲಿದ, ಗಾಳಿಗೆ ಬಿದ್ದ ಮರಗಳಿಗೆ ಅನುಮತಿ ನಿರಾಕರಿಸುವಂತಿಲ್ಲ. ಅಂದಮೇಲೆ ಪಟ್ಟಿಯಲ್ಲಿ ಬರೆಯುವ 'ಒಣಮರ' ಎಂಬ ಒಂದೇ ಪದ ಕೊಡಲಿಗೆ ದಾರಿ ಮಾಡಿಕೊಡುತ್ತದೆ.

ಬೆಂಗಳೂರಿನ ಮರಗಳು ಎಲೆ ಕಳಚುವುದು ಹಿಮಕ್ಕೆ ಹೆದರಿಯಲ್ಲ. ಹಿಂಗಾರು ಮುಗಿದು ಮಣ್ಣು ಒಣಗತೊಡಗಿದಾಗ ನೀರನ್ನು ಉಳಿಸಿಕೊಳ್ಳುವ ಉಪಾಯವದು. ಎಲೆಯ ತೊಟ್ಟಿನ ಬುಡದಲ್ಲಿ ಮರ ತಾನೇ ಒಂದು ಪದರವನ್ನು ಬೆಳೆಸಿ ಎಲೆಯನ್ನು ಬೇರ್ಪಡಿಸುತ್ತದೆ. ಅದು ಜೀವಂತ ಕೋಶಗಳ ಕೆಲಸ. ಹಠಾತ್ತನೆ ಸತ್ತ ಕೊಂಬೆ ಹಾಗೆ ಮಾಡಲಾರದೆ ಬಾಡಿದ ಎಲೆಗಳನ್ನು ಹೊತ್ತೇ ನಿಲ್ಲುತ್ತದೆ. ಆದುದರಿಂದ ಎಲೆ ಕಳಚಿದ ಕೊಂಬೆಗಿಂತ ಒಣಗಿದೆಲೆ ಅಂಟಿಕೊಂಡ ಕೊಂಬೆಯನ್ನೇ ಮೊದಲು ಅನುಮಾನಿಸಬೇಕು.

ಎಲೆಯಿಲ್ಲದಿದ್ದರೂ ಗುರುತುಗಳಿಗೆ ಬರವಿಲ್ಲ. ಬೂರುಗದ ಎಳೆಯ ಕಾಂಡದಲ್ಲಿ ಶಂಕುವಿನಾಕಾರದ ಮುಳ್ಳು. ಬಾಗೆಯಲ್ಲಿ ಗಾಳಿಗೆ ಗಲಗಲಿಸುವ ಒಣಕಾಯಿ. ಕಕ್ಕೆಯಲ್ಲಿ ನೀಳವಾದ ಕೋಲುಕಾಯಿ. ಹೊಳೆದಾಸವಾಳದಲ್ಲಿ ಬಾಯ್ದೆರೆದ ಗಟ್ಟಿ ಕಾಯಿ. ತೇಗದಲ್ಲಿ ನಾಲ್ಕು ಮೂಲೆಯ ಎಳೆಗೊಂಬೆ. ಜೀವವಿದೆಯೇ ಎಂಬ ಸಂಶಯವಿದ್ದರೆ ಎಳೆಗೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರಾಯಿತು: ಒಳಗೆ ಹಸಿರು ಕಂಡರೆ ಅದು ಬದುಕಿದೆ. ಒಂದು ಕೊಂಬೆ ಒಣಗಿದ್ದರೆ ಇನ್ನೂ ನಾಲ್ಕನ್ನು ನೋಡಬೇಕು.

ಒಣಗಿದ ಮರ ಜನರ ಮೇಲೆ ಬೀಳುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ನಿಜವಾಗಿ ಸತ್ತು ಅಪಾಯ ತರುವ ಮರ ಹೋಗಲೇಬೇಕು. ಆದರೆ ಉಗುರಿನ ಪರೀಕ್ಷೆಗೂ ಪುರುಸೊತ್ತಿಲ್ಲದವರಿಗೆ ಮರಣಪತ್ರ ಬರೆಯುವ ಅವಸರವೇಕೆ?

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಬಲಿಯಾಗಲಿದ್ದವು. ಜನರು ಬೀದಿಗಿಳಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ಮರಗಳು ಲೆಕ್ಕದಲ್ಲಿದ್ದುದರಿಂದಲೇ ಅವುಗಳ ಪರವಾಗಿ ವಾದಿಸಲು ಸಾಧ್ಯವಾಯಿತು. ಸತ್ತವೆಂದು ಬರೆಯಲಾದ ಮರಕ್ಕೆ ಆ ಅವಕಾಶವೂ ಇಲ್ಲ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಯಾವ ಮರವನ್ನೂ ಎಲೆಯಿಲ್ಲವೆಂಬ ಕಾರಣಕ್ಕೇ ಸತ್ತದ್ದೆಂದು ದಾಖಲಿಸಬಾರದು. ಜಾತಿಯ ಹೆಸರು, ತೊಗಟೆಯ ಪರೀಕ್ಷೆ, ಮೊಗ್ಗಿನ ಸ್ಥಿತಿ ಇವು ಪಟ್ಟಿಯಲ್ಲಿರಲೇಬೇಕು. ವಿದ್ಯಾರ್ಥಿಗಳು ಈ ಚಳಿಗಾಲದಲ್ಲೇ ತಮ್ಮ ಬೀದಿಯ ಬೋಳು ಮರಗಳ ಹೆಸರು ಬರೆದಿಡಲಿ. ಬಣ್ಣ ಬಳಿದು ಸಂಖ್ಯೆ ಹಾಕುವವರು ಬಂದಾಗ ಆ ಪಟ್ಟಿಯನ್ನು ಮುಂದಿಡಲಿ.