ಕಲಿಯಲು ಹೋದವರು ಏನನ್ನು ಕಲಿಯುತ್ತಿದ್ದಾರೆ?

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ಕೆಲವೇ ವಾರಗಳಲ್ಲಿ ನಮ್ಮ ಧರ್ಮಕೇಂದ್ರದ ಕಚೇರಿಗೆ ಯುವಕ ಯುವತಿಯರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಅವರಿಗೆ ಬೇಕಾಗಿರುವುದು ಸನ್ನಡತೆಯ ಪತ್ರ. ಹಿಂದೆ ಈ ಪತ್ರವನ್ನು ಬ್ಯಾಂಕಿಗೆ, ನರ್ಸಿಂಗ್ ಶಾಲೆಗೆ, ಕೊಲ್ಲಿ ರಾಷ್ಟ್ರದ ಯಾವುದಾದರೊಂದು ಕಂಪನಿಗೆ ಎಂದು ಬರೆದುಕೊಡುತ್ತಿದ್ದೆವು. ಈಗ ಕೆಲವು ವರ್ಷಗಳಿಂದ ‘ಸೋಶಿಯಲ್ ಮೀಡಿಯಾ ಟ್ರೈನಿ’ ಎಂಬ ಹುದ್ದೆಗೂ ಬರೆದುಕೊಡುತ್ತಿದ್ದೇವೆ. ಆ ಹೆಸರನ್ನು ಮೊದಲ ಸಲ ಬರೆಯುವಾಗ, ಇದೂ ಒಂದು ಉದ್ಯೋಗವೇ ಎಂಬ ಸಂಶಯ ನಮ್ಮ ಮನಸ್ಸಿನಲ್ಲೂ ಮೂಡಿದ್ದನ್ನು ಮುಚ್ಚಿಡಲಾರೆವು. ಮಗಳ ಪಕ್ಕದಲ್ಲಿ ಕುಳಿತಿದ್ದ ತಂದೆಯಂತೂ ಅದನ್ನು ಬಾಯಿಬಿಟ್ಟೇ ಹೇಳಿದರು: “ದಿನವಿಡೀ ಮೊಬೈಲು ನೋಡಬೇಡ ಎಂದು ಗದರಿಸಿ ಸಾಕಾಯಿತು ಫಾದರ್. ಈಗ ಅದಕ್ಕೇ ಸಂಬಳ ಕೊಡುತ್ತಾರಂತೆ!”

ಆ ಹುಡುಗಿ ನಕ್ಕು, ತಾನು ಮಾಡಬೇಕಾದ ಕೆಲಸವನ್ನು ವಿವರಿಸಿದಳು. ಆ ವಿವರಣೆಯಿಂದ ನಮ್ಮ ಅಜ್ಞಾನ ಬಹಳಷ್ಟು ಕರಗಿತು. ಒಂದು ಬೇಕರಿಯೋ, ಚಿನ್ನದಂಗಡಿಯೋ, ಕಣ್ಣಿನ ಆಸ್ಪತ್ರೆಯೋ ಇಂದು ತನ್ನ ಗಿರಾಕಿಗಳನ್ನು ಹುಡುಕುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ. ಯಾವ ದಿನ ಯಾವ ವಿಷಯ ಪ್ರಕಟಿಸಬೇಕೆಂಬ ತಿಂಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಬೇಕು. ಚಿತ್ರ ತೆಗೆದು, ಅದರ ಕೆಳಗೆ ನಾಲ್ಕು ಸಾಲು ಬರೆಯಬೇಕು. ಒಂದೇ ಜಾಹೀರಾತನ್ನು ಎರಡು ಬಗೆಯಲ್ಲಿ ಮಾಡಿ, ಯಾವುದನ್ನು ಜನ ಹೆಚ್ಚು ಗಮನಿಸಿದರು ಎಂದು ಹೋಲಿಸಬೇಕು. ಮಾಲೀಕನು ಖರ್ಚು ಮಾಡಿದ ಪ್ರತಿಯೊಂದು ನೂರು ರೂಪಾಯಿಗೆ ಎಷ್ಟು ಜನ ವಿಚಾರಿಸಿದರು ಎಂಬುದರ ಲೆಕ್ಕ ಕೊಡಬೇಕು. ಕೇಕು ಹಳಸಿತ್ತೆಂದು ಗಿರಾಕಿಯೊಬ್ಬ ರಾತ್ರಿ ಹತ್ತು ಗಂಟೆಗೆ ಸಾರ್ವಜನಿಕವಾಗಿ ದೂರಿದರೆ ತಾಳ್ಮೆಗೆಡದೆ ಉತ್ತರಿಸಬೇಕು. ಇದರಲ್ಲಿ ಬರವಣಿಗೆಯಿದೆ, ಲೆಕ್ಕಾಚಾರವಿದೆ, ಮನುಷ್ಯಸ್ವಭಾವದ ಅರಿವೂ ಬೇಕಾಗಿದೆ. ನೆಟ್ಟಗೆ ನಾಲ್ಕು ಸಾಲು ಕನ್ನಡ ಬರೆಯಬಲ್ಲವರಿಗೆ ಇಲ್ಲಿ ಬೆಲೆಯೂ ಉಂಟು. ಇಂಗ್ಲಿಷಿನಿಂದ ಯಂತ್ರ ಅನುವಾದಿಸಿದ ಕನ್ನಡ ಜಾಹೀರಾತುಗಳನ್ನು ಓದಿ ನಾವೆಲ್ಲ ಎಷ್ಟು ಬಾರಿ ನಕ್ಕಿಲ್ಲ?

ಕಸುಬು ಹೊಸದಾದರೂ ಕಲಿಯುವ ಕ್ರಮ ಹಳೆಯದೇ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯ ಸ್ಥಾಪಿಸಿದರು. ಎರಡು ವರ್ಷಗಳ ತರುವಾಯ, 1843ರಲ್ಲಿ, ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅಂದಿನಿಂದ ಈ ಕರಾವಳಿಯಲ್ಲಿ ಅಕ್ಷರದ ಕಸುಬನ್ನು ಹುಡುಗರು ಕಲಿತದ್ದು ಹೆಚ್ಚಾಗಿ ಹಿರಿಯ ಕೆಲಸಗಾರರ ಪಕ್ಕದಲ್ಲಿ ನಿಂತೇ. ನಮ್ಮ ವಿದ್ಯಾರ್ಥಿ ದೆಸೆಯಲ್ಲೂ ಮೊಳೆ ಜೋಡಿಸುವ ಮುದ್ರಣಾಲಯಗಳು ಉಳಿದಿದ್ದವು. ಹೊಸಬನು ಮೊದಲು ನೆಲ ಗುಡಿಸುವನು. ಮುದ್ರಿಸಿ ಮುಗಿದ ಪುಟದ ಮೊಳೆಗಳನ್ನು ಬಿಡಿಸಿ, ತೊಳೆದು, ಪೆಟ್ಟಿಗೆಯ ಆಯಾ ಮನೆಗಳಿಗೆ ಹಾಕುವನು. ತಪ್ಪು ಮನೆಗೆ ಹಾಕಿದರೆ ಬೈಗುಳ ಖಚಿತ. ಆದರೆ ಬೈಯುವವನು ಪಕ್ಕದಲ್ಲೇ ಇರುತ್ತಿದ್ದ, ತಪ್ಪನ್ನು ತೋರಿಸಿಕೊಡುತ್ತಿದ್ದ. ಕಲಿಸುವ ಒಬ್ಬ ವ್ಯಕ್ತಿ ಕಣ್ಣೆದುರಿಗೆ ಇದ್ದುದರಿಂದಲೇ ಅದು ತರಬೇತಿಯಾಗಿತ್ತು.

ಈ ಸಂಬಂಧವನ್ನು ನಮ್ಮ ದೇಶದ ಕಾನೂನು ಕಡೆಗಣಿಸಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯನ್ನು (ಸರ್ಕಾರಿ ಪ್ರಕಟಣೆಗಳಲ್ಲಿ ಇವರನ್ನು ‘ಶಿಶಿಕ್ಷು’ ಎನ್ನುತ್ತಾರೆ, ಆ ಪದವನ್ನು ಯಾವ ಹುಡುಗನ ಬಾಯಿಯಲ್ಲೂ ನಾವು ಕೇಳಿಲ್ಲ) ಕಾರ್ಖಾನೆಯ ಫಿಟ್ಟರ್, ಟರ್ನರ್‌ಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಅನೇಕರು ತಿಳಿದಿದ್ದಾರೆ. 2014ರ ತಿದ್ದುಪಡಿಯು ‘ಐಚ್ಛಿಕ ಕಸುಬು’ ಎಂಬ ಹೊಸ ಬಾಗಿಲನ್ನು ತೆರೆಯಿತು. ಸಂಸ್ಥೆಯು ತಾನೇ ನಿರ್ಧರಿಸಿದ ಯಾವ ಕಸುಬಿಗೂ, ಸಾಮಾಜಿಕ ಮಾಧ್ಯಮದ ಕೆಲಸಕ್ಕೂ, ಅದರಡಿಯಲ್ಲಿ ಅಪ್ರೆಂಟಿಸರನ್ನು ತೆಗೆದುಕೊಳ್ಳಬಹುದು. ಒಪ್ಪಂದ ಬರಹದಲ್ಲಿರಬೇಕು, ನೋಂದಣಿಯಾಗಬೇಕು. 2019ರ ನಿಯಮಗಳು ಶಿಷ್ಯವೇತನದ ಕನಿಷ್ಠ ಮಟ್ಟವನ್ನು ವಿದ್ಯಾರ್ಹತೆಗೆ ಅನುಗುಣವಾಗಿ ತಿಂಗಳಿಗೆ 5,000 ರೂಪಾಯಿಗಳಿಂದ 9,000 ರೂಪಾಯಿಗಳವರೆಗೆ ನಿಗದಿಪಡಿಸಿದವು, ಪದವೀಧರರಿಗೆ 9,000. ಇದನ್ನು 6,800ರಿಂದ 12,300ಕ್ಕೆ ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್ ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು.

ಹಣದ ಮಾತಿಗಿಂತ ನಮ್ಮ ಗಮನವನ್ನು ಹೆಚ್ಚು ಸೆಳೆದದ್ದು ಆ ಹಳೆಯ ಕಾಯ್ದೆಯ ಎರಡು ಸಣ್ಣ ವಿಧಿಗಳು. ಅಪ್ರೆಂಟಿಸನಿಗೆ ಮಾಡಿಮುಗಿಸಿದ ತುಂಡುಗಳ ಲೆಕ್ಕದಲ್ಲಿ ವೇತನ ಕೊಡಕೂಡದು; ಉತ್ಪಾದನೆಯ ಬೋನಸ್ಸಿನ ಸ್ಪರ್ಧೆಗೆ ಅವನನ್ನು ಇಳಿಸಕೂಡದು ಎನ್ನುತ್ತದೆ ಒಂದು. ಹೆಚ್ಚುವರಿ ಹೊತ್ತು ದುಡಿಸಬೇಕಾದರೆ ಅಪ್ರೆಂಟಿಸ್ ಸಲಹೆಗಾರ ಅಧಿಕಾರಿಯ ಒಪ್ಪಿಗೆ ಬೇಕು. ಆ ದುಡಿಮೆ ಅವನ ತರಬೇತಿಯ ಹಿತಕ್ಕೋ ಸಾರ್ವಜನಿಕ ಹಿತಕ್ಕೋ ಆಗಿದ್ದರೆ ಮಾತ್ರ ಒಪ್ಪಿಗೆ ಕೊಡಬಹುದು ಎನ್ನುತ್ತದೆ ಇನ್ನೊಂದು. ಇವನ್ನು ಬರೆದವರು ಇನ್‌ಸ್ಟಾಗ್ರಾಂ ಕಂಡವರಲ್ಲ. ಆದರೆ ಎಣಿಕೆಯ ಅವಸರಕ್ಕೆ ಸಿಲುಕಿದವನು ಕಲಿಯಲಾರ ಎಂಬುದನ್ನು ಅವರು ಕಂಡಿದ್ದರು. ಈ ಹೊಸ ಕಸುಬಿನಲ್ಲಾದರೋ ಎಲ್ಲವೂ ಎಣಿಕೆಯೇ: ಎಷ್ಟು ಲೈಕ್, ಎಷ್ಟು ವೀಕ್ಷಣೆ, ಎಷ್ಟು ಹೊಸ ಅನುಯಾಯಿಗಳು. ಕೆಲಸ ಮುಗಿಯುವ ಹೊತ್ತು ಎಂಬುದೂ ಇಲ್ಲ. ಗಿರಾಕಿಯ ಮೊಬೈಲು ಮಲಗುವುದಿಲ್ಲವಲ್ಲ!

ತೊಡಕಿರುವುದು ಇನ್ನೊಂದೆಡೆ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಮಾತ್ರ ತಮ್ಮ ಒಟ್ಟು ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕು. ನಾಲ್ವರಿಂದ 29 ಮಂದಿಯಿರುವ ಕಡೆ ಅದು ಅವರ ಇಚ್ಛೆಗೆ ಬಿಟ್ಟದ್ದು. ನಮ್ಮ ಮಕ್ಕಳು ಸೇರುವುದು ಬಹುಮಟ್ಟಿಗೆ ಎರಡನೆಯ ಮಹಡಿಯ ಎರಡು ಕೋಣೆಗಳಲ್ಲಿ ಏಳೆಂಟು ಜನ ಕುಳಿತು ದುಡಿಯುವ ಸಂಸ್ಥೆಗಳಿಗೆ. ಅಲ್ಲಿ ಅವರನ್ನು ‘ಇಂಟರ್ನ್’ ಎಂದು ಕರೆದು, ಕಾಗದವಿಲ್ಲದೆ, ಕೆಲವೊಮ್ಮೆ ಬಿಡಿಗಾಸೂ ಇಲ್ಲದೆ, ಮೂರು ತಿಂಗಳು, ಆರು ತಿಂಗಳು ದುಡಿಸಿಕೊಳ್ಳುತ್ತಾರೆ. ‘ತರಬೇತಿ ಶುಲ್ಕ’ ಎಂದು ಅವರಿಂದಲೇ ಹಣ ಪಡೆಯುವವರೂ ಇದ್ದಾರೆ. ಸಣ್ಣ ಸಂಸ್ಥೆಗಳನ್ನೆಲ್ಲ ನಾವು ದೂಷಿಸುತ್ತಿಲ್ಲ. ಪ್ರಾಮಾಣಿಕವಾಗಿ ಕಲಿಸುವ ಇಬ್ಬರು ಮೂವರು ಯುವ ಮಾಲೀಕರನ್ನು ನಾವೇ ಬಲ್ಲೆವು. ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯು 2016ರಲ್ಲಿ ಆರಂಭವಾಯಿತು. ಶಿಷ್ಯವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಅದರಡಿಯಲ್ಲಿ ಸರ್ಕಾರವೇ ಭರಿಸುತ್ತದೆ ಎಂಬ ಸಂಗತಿ ಅಂಥ ಮಾಲೀಕರಿಗೂ ತಿಳಿದಿರಲಿಲ್ಲ.

ಆರಂಭದಲ್ಲಿ ಹೇಳಿದ ಆ ಹುಡುಗಿ ಎರಡು ತಿಂಗಳ ಬಳಿಕ ಒಬ್ಬಳೇ ಮತ್ತೆ ಬಂದಳು. ಈ ಬಾರಿ ನಗುವಿರಲಿಲ್ಲ. ಅವಳ ಕಚೇರಿಯಲ್ಲಿ ಒಂದು ಹೋಟೆಲಿನ ಪ್ರಚಾರ ನಡೆಯುತ್ತಿತ್ತು. ತಿಂಗಳ ಕೊನೆಗೆ ಎಣಿಕೆ ಸಾಲದೆ ಹೋದಾಗ, ಬೇರೆ ಬೇರೆ ಹೆಸರಿನ ಇಪ್ಪತ್ತು ಖಾತೆಗಳಿಂದ ಆ ಹೋಟೆಲಿನ ಊಟವನ್ನು ಹೊಗಳಿ ಬರೆಯುವಂತೆ ಅವಳಿಗೆ ಹೇಳಿದ್ದರು. ಅವಳು ಆ ಹೋಟೆಲಿನ ಒಳಗೆ ಕಾಲಿಟ್ಟವಳೇ ಅಲ್ಲ. ಹದಿಮೂರು ಬರೆದಿದ್ದಳು, ಹದಿನಾಲ್ಕನೆಯದಕ್ಕೆ ಕೈ ನಡುಗಿತು. “ಫಾದರ್, ಇದು ಎಂಟನೆಯ ಕಟ್ಟಳೆಗೆ ಬರುತ್ತದೆಯೇ? ಎಲ್ಲರೂ ಮಾಡುತ್ತಾರೆ, ಇದೇ ಕೆಲಸ ಎಂದರು” ಎಂದಳು.

ಬರುತ್ತದೆ ಮಗಳೇ ಎಂದೆವು. ಸುಳ್ಳುಸಾಕ್ಷಿಗೆ ನ್ಯಾಯಾಲಯದ ಕಟಕಟೆಯೇ ಬೇಕೆಂದಿಲ್ಲ. ನಾಡಿನ ಕಾನೂನೂ ಈಗ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಲತಾಣಗಳ ಗ್ರಾಹಕ ವಿಮರ್ಶೆಗಳಿಗೆ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಪ್ರತ್ಯೇಕ ಮಾನದಂಡವನ್ನೇ ಹೊರಡಿಸಿತು. ಹಣ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಲೇಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ನೀಡಿತು.

ಆದರೆ ದಂಡಕ್ಕಿಂತ ಆಳದ ನಷ್ಟವೊಂದಿದೆ. ಗುರುಮಠದಲ್ಲಿ ಅರಿಸ್ಟಾಟಲನನ್ನು ಓದುವಾಗ ನಮಗೆ ಸರಳವೆಂದು ತೋರಿದ್ದ ವಿಚಾರವೊಂದು ಆ ಸಂಜೆ ಬೇರೆಯೇ ಭಾರದಿಂದ ನೆನಪಾಯಿತು. ಮನೆ ಕಟ್ಟುತ್ತಾ ಒಬ್ಬನು ಮನೆ ಕಟ್ಟುವವನಾಗುತ್ತಾನೆ. ಅದೇ ರೀತಿ ನ್ಯಾಯವಾದುದನ್ನು ಮಾಡುತ್ತಾ ನ್ಯಾಯವಂತನಾಗುತ್ತಾನೆ ಎಂಬುದು ಆತನ ನಿಲುವು. ಕೈಗೆ ಅಭ್ಯಾಸವಾಗುವುದು ಮನಸ್ಸಿಗೂ ಅಭ್ಯಾಸವಾಗುತ್ತದೆ. ಹಾಗಾದರೆ ಇಪ್ಪತ್ತೊಂದರ ವಯಸ್ಸಿನಲ್ಲಿ, ಜೀವನದ ಮೊದಲ ಕೆಲಸದಲ್ಲಿ, ಮೊದಲ ಮೇಲಧಿಕಾರಿಯ ಮಾತಿನಂತೆ ಇಪ್ಪತ್ತು ಸುಳ್ಳುಗಳನ್ನು ಅಚ್ಚುಕಟ್ಟಾಗಿ ಬರೆದು ಮುಗಿಸಿದವಳು ಆ ದಿನ ಏನನ್ನು ಕಲಿತಂತಾಯಿತು? ಮೂವತ್ತು ವರ್ಷ ಅನುಭವವಿರುವ ನೌಕರನು ಇಂಥ ಆಜ್ಞೆಯನ್ನು ನಿರಾಕರಿಸಬಹುದು. ಅವನಿಗೆ ಇನ್ನೊಂದು ಬಾಗಿಲು ಗೊತ್ತಿರುತ್ತದೆ. ಕಲಿಯುವವರಿಗೆ ಕಸುಬು ಯಾವುದು, ಕಸುಬಿನ ಕಳೆ ಯಾವುದು ಎಂಬ ವಿವೇಚನೆ ಇನ್ನೂ ಹುಟ್ಟಿರುವುದಿಲ್ಲ. ಆದ್ದರಿಂದಲೇ ಅವರ ಕೈಯಿಂದ ಸುಳ್ಳು ಬರೆಯಿಸುವವರ ಹೊಣೆ ಇಮ್ಮಡಿಯೆಂದು ನಾವು ಭಾವಿಸುತ್ತೇವೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಅಂಗಳದ ಕಸವನ್ನೂ ಗುಡಿಸಬೇಕಾಗಿದೆ. ನಮ್ಮ ಧರ್ಮಕೇಂದ್ರಕ್ಕೂ ಒಂದು ಯೂಟ್ಯೂಬ್ ವಾಹಿನಿ, ಒಂದು ಫೇಸ್‌ಬುಕ್ ಪುಟ ಇವೆ. ಮೊಂತಿ ಹಬ್ಬದ ನೇರ ಪ್ರಸಾರವನ್ನು ದೂರದ ದುಬೈ, ಕುವೈತ್‌ಗಳಲ್ಲಿರುವ ನಮ್ಮವರು ಕಂಡು ಕಣ್ಣೀರಿಟ್ಟರೆಂದು ನಾವು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಆ ಪ್ರಸಾರವನ್ನು ನಡೆಸಿದವರು ಮೂವರು ಹುಡುಗರು. ಎರಡು ವರ್ಷ ಅವರು ಕ್ಯಾಮೆರಾ ಹೊತ್ತರು, ರಾತ್ರಿ ಕುಳಿತು ಚಿತ್ರಗಳನ್ನು ಸಂಕಲಿಸಿದರು. ಅದನ್ನು ‘ಸೇವೆ’ ಎಂದು ಕರೆದು, ಹಬ್ಬದ ದಿನ ಶಾಲು ಹೊದಿಸಿ ಮುಗಿಸಿದೆವು. ಸೇವೆ ಪವಿತ್ರವಾದುದೇ, ಆದರೆ ಆ ಪದದ ಮರೆಯಲ್ಲಿ ನಾವು ಎಷ್ಟು ಖರ್ಚು ಉಳಿಸಿಕೊಂಡೆವೆಂಬ ಲೆಕ್ಕವೂ ಇದೆ. ಅವರಲ್ಲೊಬ್ಬನು ಕೆಲಸಕ್ಕೆ ಅರ್ಜಿ ಹಾಕುವಾಗ ಪತ್ರ ಕೇಳಿದನು. ಅವನು ಭಾನುವಾರ ತಪ್ಪದೆ ಪೂಜೆಗೆ ಬರುತ್ತಾನೆ, ಸನ್ನಡತೆಯವನು ಎಂದು ಎಂದಿನಂತೆ ಮೂರು ಸಾಲು ಬರೆದು ಮೊಹರು ಹಾಕಿಕೊಟ್ಟೆವು. ಅವನು ಮಾಡಿದ ಕೆಲಸದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅವನು ಏನೂ ಹೇಳದೆ ತೆಗೆದುಕೊಂಡು ಹೋದನು. ತಪ್ಪಿನ ಅರಿವಾಗಿ ವಾರದ ಮೇಲೆ ಅವನನ್ನು ಕರೆಸಿದೆವು. ಎಷ್ಟು ಪ್ರಸಾರ ನಡೆಸಿದ, ಯಾವ ಯಾವ ಕೆಲಸವನ್ನು ಸ್ವತಂತ್ರವಾಗಿ ಮಾಡಬಲ್ಲ ಎಂದು ಅವನನ್ನೇ ಕೇಳಿ ಬರೆದುಕೊಡುವಷ್ಟರಲ್ಲಿ ಒಂದು ಪುಟ ತುಂಬಿತು. ಈಗಿನ ತಂಡಕ್ಕೆ ಪಾಲನಾ ಸಮಿತಿಯು ಪ್ರಯಾಣವೆಚ್ಚವನ್ನೂ ಹಬ್ಬಗಳಿಗೆ ಗೌರವಧನವನ್ನೂ ಮಂಜೂರು ಮಾಡಿದೆ. ಸಭೆಯಲ್ಲಿ ಇಬ್ಬರು ಹಿರಿಯರು ಆಕ್ಷೇಪಿಸಿದರು ಎಂಬುದನ್ನೂ ಇಲ್ಲಿ ಸೇರಿಸಬೇಕು.

ತಂದೆತಾಯಿಯರಲ್ಲಿ ನಮ್ಮ ವಿನಂತಿ ಇಷ್ಟು: ಈ ಕಸುಬನ್ನು ಮೊಬೈಲಿನ ಹುಚ್ಚೆಂದು ತಳ್ಳಿಹಾಕಬೇಡಿ, ಮಗ ‘ಇಂಟರ್ನ್’ ಆದನೆಂದು ವಿಚಾರಿಸದೆ ಹಿಗ್ಗಲೂ ಬೇಡಿ. ನಿನಗೆ ಅಲ್ಲಿ ಯಾರು ಕಲಿಸುತ್ತಾರೆ ಎಂದು ಕೇಳಿ. ಉತ್ತರವಾಗಿ ಒಬ್ಬ ವ್ಯಕ್ತಿಯ ಹೆಸರು ಬರದಿದ್ದರೆ ಅದು ತರಬೇತಿಯಲ್ಲ. ಎಷ್ಟು ತಿಂಗಳು, ಎಷ್ಟು ಹಣ, ಎಷ್ಟು ಗಂಟೆಗೆ ಬಿಡುಗಡೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ತರಬೇತಿ ಮುಗಿಸಿದ ಅಪ್ರೆಂಟಿಸರ ನೇಮಕಾತಿಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿಯನ್ನು ರೂಪಿಸಿಕೊಂಡಿರಬೇಕೆಂದು ಕಾಯ್ದೆ ಹೇಳುತ್ತದೆ. ಆ ನೀತಿ ಏನೆಂದು ವಿಚಾರಿಸಲು ಸಂಕೋಚಪಡಬೇಕಾಗಿಲ್ಲ.

ಆ ಹುಡುಗಿ ಉಳಿದ ಏಳನ್ನು ಬರೆಯಲಿಲ್ಲ. ತಿಂಗಳು ಮುಗಿಯುವ ಮೊದಲೇ ಅವಳಿಗೆ ಬರಬೇಡವೆಂದರು. ಆ ಎರಡು ತಿಂಗಳ ದುಡಿಮೆಗೆ ಅವಳ ಕೈಯಲ್ಲಿ ಒಂದು ಚೀಟಿಯೂ ಉಳಿಯಲಿಲ್ಲ. ಕಳೆದ ವಾರ ಅವಳ ತಂದೆ ಇನ್ನೊಂದು ಸಂಸ್ಥೆಯ ಒಪ್ಪಂದಪತ್ರವನ್ನು ಹಿಡಿದು ಬಂದು, ಓದಿ ಹೇಳಿ ಫಾದರ್ ಎಂದರು. ಶಿಷ್ಯವೇತನ ನಮೂದಾಗಿತ್ತು, ಅವಧಿ ನಮೂದಾಗಿತ್ತು. ಕೆಲಸದ ವೇಳೆ ಎಂಬಲ್ಲಿ ಮಾತ್ರ ಜಾಗ ಖಾಲಿಯಿತ್ತು. ಅದನ್ನು ತುಂಬಿಸಿಕೊಂಡು ಬನ್ನಿ, ಆಮೇಲೆ ಮಗಳು ಸಹಿ ಹಾಕಲಿ ಎಂದು ಹೇಳಿ ಕಳುಹಿಸಿದ್ದೇವೆ.